ರೋಸಿ ಎತ್ತಿ ನೋಡಿದ ನ್ಯಾಪ್ಕಿನ್

ರೋಸಿಯ ಕಣ್ಣು ಮೊದಲು ಹೋಗುತ್ತಿದ್ದದ್ದು ಮನುಷ್ಯರ ಮುಖಕ್ಕಲ್ಲ, ತಟ್ಟೆಗೆ. ಮಲೇಷ್ಯಾದ ಮೆಲಾಕಾ ಊರಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ, ವಾರ್ಡುಗಳಿಂದ ವಾಪಸು ಬರುವ ಟ್ರೇಗಳನ್ನು ಪರೀಕ್ಷಿಸುವುದೇ ಅವಳ ಕೆಲಸವಾಗಿತ್ತು. ಅನ್ನವನ್ನು ಅಂಚಿಗೆ ತೆಳ್ಳಗೆ ಹರಡಿ ಉಂಡಂತೆ ತೋರಿಸುವವರಿದ್ದರಂತೆ, ಮೊಟ್ಟೆಯನ್ನು ನ್ಯಾಪ್ಕಿನ್ ಕೆಳಗೆ ಹೂಳುವವರಿದ್ದರಂತೆ. ಯಾರು ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದು ಡಾಕ್ಟರಿಗಿಂತ ಮೊದಲು ತನಗೆ ಗೊತ್ತಾಗುತ್ತಿತ್ತು ಅನ್ನುತ್ತಿದ್ದಳು. ಜಂಬವಿಲ್ಲದೆ, ಬಸ್ಸಿನ ಟೈಮಿಂಗ್ ಹೇಳುವವರ ಹಾಗೆ.

ಮೆಲಾಕಾದಿಂದ ಎರಡು ಗಂಟೆಯ ದಾರಿಯ ರಾಜಧಾನಿಯಲ್ಲೇ ನನ್ನ ಮನೆ. ನಾವಿಬ್ಬರು ಭೇಟಿಯಾದದ್ದು ಮಾತ್ರ ಲಿಸ್ಬನ್ನಿನಲ್ಲಿ, ಬ್ಯಾಕ್‌ಪ್ಯಾಕರುಗಳ ಹಾಸ್ಟೆಲಿನ ಎಂಟು ಜನರ ಡಾರ್ಮಿಟರಿಯೊಳಗೆ. ನನಗಾಗ ಅರವತ್ತೊಂಬತ್ತು. ಜೊತೆಗೆ ಬರುತ್ತೇನೆಂದು ಎಲ್ಲ ಬುಕ್ ಮಾಡಿದ್ದ ಮೊಮ್ಮಗಳು ಕೊನೆಯ ವಾರದಲ್ಲಿ ಇಂಟರ್ನ್‌ಶಿಪ್ ಸಿಕ್ಕಿತೆಂದು, "ಅಜ್ಜಿ, ಯು ಗೋ ಲಾ, ಎವ್ರಿಬಡಿ ಗೋಸ್ ಸೋಲೋ ನೌ" ಎನ್ನುತ್ತ ತನ್ನ ಬ್ಯಾಗನ್ನು ನನ್ನ ಬೆನ್ನಿಗೆ ಏರಿಸಿದ್ದಳು.

ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಫೋರ್ಕ್ ಹಿಡಿಯುವುದನ್ನು ಕಲಿಸಿದ್ದರು. ಒಬ್ಬಳೇ ಹೋಟೆಲಿನೊಳಗೆ ಹೋಗಿ ಕೂರುವುದನ್ನು ಕಲಿಸಿರಲಿಲ್ಲ. ಮದುವೆಯಾಗಿ ಮಲೇಷ್ಯಾಕ್ಕೆ ಬಂದ ಮೇಲೆ ಅದರ ಅಗತ್ಯವೂ ಬೀಳಲಿಲ್ಲ. ಎರಡು ದಿನ ಬ್ರೇಕ್‌ಫಾಸ್ಟಿನ ಬನ್ನುಗಳನ್ನೇ ನ್ಯಾಪ್ಕಿನ್ನಿನಲ್ಲಿ ಮುಚ್ಚಿ ತಂದು ದಿನ ದೂಡಿದೆ. ಮೂರನೆಯ ಸಂಜೆ, ಟಿಕೆಟ್ ಬದಲಿಸಿ ವಾಪಸು ಹೋಗುವುದೇ ಸರಿ ಎಂದು ಬ್ಯಾಗ್ ಕಟ್ಟುತ್ತಿದ್ದಾಗ ಎದುರಿನ ಬಂಕಿನಿಂದ ದನಿ ಬಂತು.

"ಆಂಟಿ, ಮಕಾನ್ ಆಲ್ರೆಡಿ?"

ನನಗಿಂತ ಎರಡು ವರ್ಷ ದೊಡ್ಡವಳು, ನನ್ನನ್ನು ಆಂಟಿ ಅನ್ನುತ್ತಿದ್ದಳು. ಇರಲಿ. ನಮ್ಮಲ್ಲಿ ಊಟ ಆಯ್ತಾ ಅನ್ನುವಂತೆ ಮಲೇಷ್ಯಾದಲ್ಲೂ ಅದು ಪ್ರಶ್ನೆಯಲ್ಲ, ನಮಸ್ಕಾರ. ಹಸಿದಿದ್ದರೂ ಆಯ್ತು ಅನ್ನಬೇಕು. "ಆಲ್ರೆಡಿ, ಥ್ಯಾಂಕ್ಯೂ," ಅಂದೆ.

ರೋಸಿ ಎದ್ದು ಬಂದು, ನನ್ನ ದಿಂಬಿನ ಪಕ್ಕದ ನ್ಯಾಪ್ಕಿನ್ನನ್ನು ಎರಡೇ ಬೆರಳಲ್ಲಿ ಎತ್ತಿದಳು. ಕೆಳಗೆ ಒಣಗಿದ ಬನ್ನು.

"ಥರ್ಟಿ ಇಯರ್ಸ್ ಐ ಚೆಕ್ ಟ್ರೇ. ಡೋಂಟ್ ಬ್ಲಫ್ ಮಿ ಲಾ."

ಬನ್ನು ಮುರಿದು, "ಹಾಫ್-ಹಾಫ್" ಎಂದು ಒಂದು ತುಂಡನ್ನು ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನಗಿತ್ತು, ಹಾಸ್ಟೆಲಿನ ಅಡುಗೆಮನೆಗೆ ನನ್ನನ್ನು ನಡೆಸಿಕೊಂಡು ಹೋದಳು. ದಾರಿಯಲ್ಲಿ ಕಾಮನ್ ರೂಮಿನಲ್ಲಿದ್ದವರಿಗೆಲ್ಲ ಇಂಗ್ಲಿಷಿನಲ್ಲಿ ಅದೇ ನಮಸ್ಕಾರ. ಪಾಪ, ಯುರೋಪಿನವರು, ಆಯ್ತು ಅನ್ನಬೇಕೆಂದು ಅವರಿಗೆ ಯಾರು ಹೇಳಿಕೊಟ್ಟಿರುತ್ತಾರೆ? ಇಲ್ಲವೆಂದು ಇದ್ದದ್ದನ್ನು ಇದ್ದಂತೆ ಹೇಳಿ, ಊಟಕ್ಕೆ ಕರೆದರೆಂದು ತಿಳಿದು ಏಳು ಜನ ಹಿಂದೆಯೇ ಬಂದರು. ಪೋಲೆಂಡಿನ ಒಬ್ಬ ಮೇಷ್ಟ್ರು ವೈನನ್ನೂ ತಂದರು. ರೋಸಿಯ ಚೀಲದಲ್ಲಿದ್ದದ್ದು ಒಂದಿಷ್ಟು ಅಕ್ಕಿ, ಒಂದು ಬಾಟಲಿ ಸಂಬಾಲ್, ಅಂದರೆ ಒಣಮೀನಿನ ಖಾರದ ಚಟ್ನಿ. ಒಮ್ಮೆ ತಲೆಗಳನ್ನು ನೋಡಿದಳು. "ಕಮ್ ಆಲ್ರೆಡಿ, ಸಿಟ್ ಲಾ," ಅಂದಳು.

ನಾನು ಈರುಳ್ಳಿ ಹೆಚ್ಚಿದೆ. ಮೇಷ್ಟ್ರು ಸಂಬಾಲಿನ ಖಾರಕ್ಕೆ ಕಣ್ಣೀರು ಸುರಿಸುತ್ತ ಎರಡನೆಯ ಸಲ ಬಡಿಸಿಕೊಂಡರು. ಅದುವರೆಗೆ ನನ್ನ ಫ್ರೆಂಡ್ಸ್ ಅಂದರೆ ಗಂಡನ ಸಹೋದ್ಯೋಗಿಗಳ ಹೆಂಡಂದಿರು. ಗಂಡ ತೀರಿಕೊಂಡ ಮೇಲೆ ಆ ಸ್ನೇಹಗಳೂ ರಿಟೈರ್ ಆಗಿದ್ದವು. ಈ ಎಂಟು ಜನರನ್ನು ನಾನೇ ಸಂಪಾದಿಸಿದ್ದೆ. ಟಿಕೆಟ್ ಬದಲಿಸಲಿಲ್ಲ.

ವಾಪಸು ಬಂದ ಮೇಲೆ ರೋಸಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ನಮ್ಮೂರಿಗೆ ಬರುತ್ತಿದ್ದಳು. ಬ್ರಿಕ್‌ಫೀಲ್ಡ್ಸಿನಲ್ಲಿ ಬಾಳೆಲೆ ಊಟ. ತನ್ನ ಎಲೆ ಮುಗಿಸಿ, ಅಕ್ಕಪಕ್ಕದವರ ಎಲೆಗಳನ್ನು ನೋಡಿ, ಆ ನೀಲಿ ಷರ್ಟಿನವನಿಗೆ ಮನೆಯಲ್ಲಿ ಏನೋ ಚಿಂತೆ ಇದೆ ಅನ್ನುತ್ತಿದ್ದಳು.

ಕಳೆದ ವರ್ಷ ಎರಡು ತಿಂಗಳು ಅವಳು ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾಳೆಂದು ಅವಳ ಮಗಳು ಫೋನ್ ಮಾಡಿದಾಗ, ನಾನೇ ಬಸ್ಸು ಹತ್ತಿದೆ. ಹಾಸಿಗೆಯಲ್ಲಿ ಅವಳು ತೀರ ಸಣ್ಣಗೆ ಕಂಡಳು. ಪಕ್ಕದಲ್ಲಿ ಟ್ರೇ.

"ಮಕಾನ್ ಆಲ್ರೆಡಿ?" ಎಂದು ಕೇಳಿದೆ.

"ಆಲ್ರೆಡಿ ಲಾ."

ಟ್ರೇಯ ಮೇಲಿನ ನ್ಯಾಪ್ಕಿನ್ ನಡುವೆ ಉಬ್ಬಿತ್ತು. ಮೂವತ್ತು ವರ್ಷದ ಅನುಭವಸ್ಥೆ ಇನ್ನೂ ಚೆನ್ನಾಗಿ ಬಚ್ಚಿಡಬಹುದಿತ್ತು. ಎರಡು ಬೆರಳಲ್ಲಿ ಎತ್ತಿದೆ. ಮೊಟ್ಟೆ ಇಡಿಯಾಗಿತ್ತು. ಇಬ್ಬರೂ ಅದನ್ನೇ ನೋಡಿದೆವು. ಯಾರು ಮನೆಗೆ ಹೋಗುವುದಿಲ್ಲ ಎಂಬ ಅವಳ ವಿದ್ಯೆ ಈಗ ನನಗೂ ಬರುತ್ತಿತ್ತು.

"ಹಾಫ್-ಹಾಫ್," ಅಂದೆ.

ತನ್ನ ಅರ್ಧದಲ್ಲಿ ಅರ್ಧ ತಿಂದಳು, ನನ್ನ ಮರ್ಯಾದೆಗೆ. ಮುಂದಿನ ವಾರ ಮಗಳು ಮತ್ತೆ ಫೋನ್ ಮಾಡಿದಳು.

ಈಗ ಬಾಂಗ್ಸಾರಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಸೊಸೆ ಎರಡು ಆಫೀಸ್ ಕಾಲ್‌ಗಳ ನಡುವೆ ಬಾಗಿಲಲ್ಲಿ ತಲೆಹಾಕಿ, "ಅತ್ತೆ, ಊಟ ಆಯ್ತಾ?" ಅನ್ನುತ್ತಾಳೆ. ಒಳ್ಳೆಯ ಹುಡುಗಿ. ಆಯ್ತಮ್ಮ, ಅನ್ನುತ್ತೇನೆ.

ನಂಬುತ್ತಾಳೆ.