ಅಂಗಾಲಿಗೆ ಹಿಡಿದ ಕನ್ನಡಿ

ಹರವೆಯ ಪಕ್ಕದ ಆ ಊರಿನಲ್ಲಿ ಮರಿತಾಯಮ್ಮನ ಮನೆ ಯಾವುದು ಎಂದು ಕೇಳಿದರೆ, ಕಾಲಿಗೆ ಕನ್ನಡಿ ಹಿಡಿಯುವ ಮರಿತಾಯಮ್ಮನದೋ ಎಂದು ಜನ ತಿರುಗಿ ಕೇಳುತ್ತಿದ್ದರು. ಪ್ರಾಯದಲ್ಲಿ ಮುಖಕ್ಕೇ ನೆಟ್ಟಗೆ ಕನ್ನಡಿ ಹಿಡಿಯದಿದ್ದ ಹೆಂಗಸು ಐವತ್ತು ದಾಟಿದ ಮೇಲೆ ಜಗುಲಿಯಲ್ಲಿ ಕೂತು ಅಂಗಾಲು ನೋಡಿಕೊಂಡರೆ ಊರು ಸುಮ್ಮನಿರುತ್ತದೆಯೇ? ನಗುವವರು ನಕ್ಕರು. ಅವಳು ಯಾಕೆ ಹಾಗೆ ನೋಡಿಕೊಳ್ಳುತ್ತಾಳೆ ಎಂದು ಕೇಳುವಷ್ಟು ವ್ಯವಧಾನ ನಗುವವರಿಗೆ ಎಲ್ಲಿರುತ್ತದೆ.

ಕಾರಣ ಇತ್ತು. ಮರಿತಾಯಮ್ಮನಿಗೆ ಸಕ್ಕರೆ ಕಾಯಿಲೆ. ಅವಳ ಅಕ್ಕ ಪುಟ್ಟಮಲ್ಲಮ್ಮನಿಗೂ ಅದೇ. ಗುಂಡ್ಲುಪೇಟೆಗೆ ಕೊಟ್ಟಿದ್ದ ಆ ಅಕ್ಕನಿಗೆ ಹೆಬ್ಬೆರಳಲ್ಲೊಂದು ಸಣ್ಣ ಗಾಯವಾಗಿ, ಇವತ್ತು ಹೋದೀತು ನಾಳೆ ಹೋದೀತು ಎಂದು ಸೊಪ್ಪು ಅರೆದು ಕಟ್ಟಿಕೊಂಡು ಕೂತು, ಕೊನೆಗೆ ಮಂಡಿಯ ಕೆಳಗೆ ಕಾಲನ್ನೇ ತೆಗೆಸಬೇಕಾಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಶ್ರಾವಣದಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರೆ ಹುಡುಗಿಯರನ್ನೂ ಹಿಂದೆ ಹಾಕುತ್ತಿದ್ದವಳು, ಈಗ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಚ್ಚಲಿಗೆ ಕರೆದೊಯ್ಯಲು ಯಾರಾದರೂ ಬರುತ್ತಾರಾ ಎಂದು ದಾರಿ ನೋಡುತ್ತಿದ್ದಳು. ಅದನ್ನು ನೋಡಿಕೊಂಡು ಮರಿತಾಯಮ್ಮ ಊರಿಗೆ ಬರಲು ಬಸ್ಸು ಹತ್ತಿದಳು. ಹರವೆಯಲ್ಲಿ ಇಳಿದರೆ ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಬಸ್ಸಿನಲ್ಲೇ ಎಲ್ಲೋ ಕಳಚಿಕೊಂಡಿದೆ, ಕಾಲಿಗೆ ಗೊತ್ತೇ ಆಗಿಲ್ಲ. ಜೊತೆಗೆ ಇಳಿದ ಹೆಂಗಸರು ನಕ್ಕರು. ಮರಿತಾಯಮ್ಮನಿಗೆ ಅಕ್ಕನ ಕಾಲು ನೆನಪಾಯಿತು. ಮನೆಗೆ ಹೋಗದೆ ನೆಟ್ಟಗೆ ನರ್ಸ್ ಕುಮಾರಿಯ ಹತ್ತಿರ ಹೋದಳು.

ಕುಮಾರಿ ಆ ಸೀಮೆಯವಳೇ. ಮರಿತಾಯಮ್ಮನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಅಂಗಾಲಿಗೆ ಒಂದು ಕಡ್ಡಿಯ ಮೊನೆ ಒತ್ತಿದಳು. ಸ್ವಲ್ಪ ಹೊತ್ತು ಕಾದ ಮರಿತಾಯಮ್ಮ, ಯಾವಾಗ ಚುಚ್ಚುತ್ತೀಯವ್ವ ಎಂದು ಕೇಳಿದಳು. ಕುಮಾರಿ ಆಗಲೇ ಮೂರು ನಾಲ್ಕು ಕಡೆ ಚುಚ್ಚಿ ಮುಗಿಸಿದ್ದಳು.

"ನೋವಾದ್ರೂ ನಿಮ್ಮ್ ಕಾಲು ಇನ್ ಬಾಯ್ಬುಟ್ ಏಳಾಕಿಲ್ಲ ಅಮ್ಮ. ನೀವೇ ದಿನಾ ಅದ್ನ ನೋಡಿ ಕೇಳ್ಕಬೇಕು" ಎಂದಳು ಕುಮಾರಿ.

ಹೇಗೆ ಕೇಳಿಕೊಳ್ಳಬೇಕು ಎಂಬುದನ್ನೂ ಹೇಳಿಕೊಟ್ಟಳು. ಬೆಳಿಗ್ಗೆ ಎದ್ದು ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆಯಬೇಕು. ಆ ನೀರಿನ ಬಿಸಿಯನ್ನು ಕಾಲಲ್ಲಿ ನೋಡದೆ ಮೊಣಕೈ ಅದ್ದಿ ನೋಡಬೇಕು. ಬೆರಳ ಸಂದಿಯಲ್ಲಿ ಪಸೆ ಉಳಿಯದ ಹಾಗೆ ಒರೆಸಬೇಕು. ಅಂಗಾಲಿಗೆ ಕನ್ನಡಿ ಹಿಡಿದು ಗಾಯ, ಗುಳ್ಳೆ, ಮುಳ್ಳು ಏನಾದರೂ ಇದೆಯೇ ನೋಡಬೇಕು. ಸಂದಿ ಬಿಟ್ಟು ಉಳಿದ ಕಡೆ ಕೊಬ್ಬರಿ ಎಣ್ಣೆ ಸವರಬೇಕು. ಚಪ್ಪಲಿ ಕೊಡವಿ ಹಾಕಿಕೊಳ್ಳಬೇಕು, ಬರಿಗಾಲಲ್ಲಿ ಎಲ್ಲೂ ಕಾಲಿಡಬಾರದು. ಇಷ್ಟು ಮಾಡಿ ಮಾತ್ರೆ ನುಂಗಿಕೊಂಡಿದ್ದರೆ ಅಕ್ಕನ ಗತಿ ನಿಮಗೆ ಬರುವುದಿಲ್ಲ ಎಂದಳು. ಆ ಕೊನೆಯ ಮಾತು ಮರಿತಾಯಮ್ಮನ ಮನಸ್ಸಿಗೆ ನಾಟಿತು.

ಶುರುವಿನಲ್ಲಿ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು. ಕಸ ಬಿದ್ದಿದೆ, ದನಕ್ಕೆ ನೀರಿಲ್ಲ, ಕೂಲಿಗೆ ಹೊತ್ತಾಗುತ್ತಿದೆ. ಇವಳು ಕಾಲು ಚಾಚಿ ಕೂತು ಎಣ್ಣೆ ಹಚ್ಚಿಕೊಳ್ಳುವುದು ಎಂದರೇನು? ಹುಟ್ಟಿದಾಗಿನಿಂದ ತನಗೋಸ್ಕರ ಎಂದು ಬೆಳಗಿನ ಹೊತ್ತನ್ನು ಒಂದು ದಿನವೂ ಇಟ್ಟುಕೊಂಡವಳಲ್ಲ. ಆದರೆ ಬರಬರುತ್ತಾ ಅದು ಹಿತವಾಯಿತು. ಒಲೆಯ ಪಕ್ಕ ಕಾದ ನೀರು, ಹಳೆಯ ಪಂಚೆಯ ತುಂಡು, ಎಣ್ಣೆ ಬಟ್ಟಲು ಎಲ್ಲಕ್ಕೂ ಒಂದೊಂದು ಜಾಗವಾಯಿತು. ಬಿರಿದ ಹಿಮ್ಮಡಿ ಕೂಡಿಕೊಂಡಿತು. ರಾತ್ರಿ ನಿದ್ದೆಯೂ ಸರಿಯಾಗಿ ಬರತೊಡಗಿತು, ಅದಕ್ಕೂ ಇದಕ್ಕೂ ಏನು ಸಂಬಂಧವೋ ಶಿವನೇ ಬಲ್ಲ.

ಕನ್ನಡಿ ಮಾತ್ರ ಗಂಡ ರಂಗನಾಯಕನದು, ಗಡ್ಡ ಹೆರೆದುಕೊಳ್ಳುವುದು. ನಾನು ಮುಖ ನೋಡಿಕೊಳ್ಳುವ ಕನ್ನಡೀಲಿ ಇವಳು ಅಂಗಾಲು ನೋಡಿಕೊಳ್ಳುವುದೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಜಗುಲಿ ಕಂಬದ ಕೆಳಭಾಗಕ್ಕೊಂದು ಮೊಳೆ ಹೊಡೆದು, ಅವಳ ಕೈಗೆ ಎಟಕುವ ಹಾಗೆ ಕನ್ನಡಿಯನ್ನು ತೂಗುಹಾಕಿದ. ಒಳ್ಳೆಯ ಮನುಷ್ಯ. ಆದರೆ ಅವಳು ಕಾಲು ತೊಳೆಯಲು ಕೂತರೆ ಅವನು ಬೀದಿಯ ಕಡೆ ತಿರುಗಿ ಕೂತು ಬೀಡಿ ಹಚ್ಚುತ್ತಿದ್ದ. ಅವಳೂ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಕಟ್ಟಿಕೊಂಡ ಗಂಡನಿಗೆ ಅಂಗಾಲು ತೋರಿಸುವುದು ಆ ಮನೆಗಳಲ್ಲಿ ಇಲ್ಲದ ರೂಢಿ. ಅಪ್ಪಿತಪ್ಪಿ ಅವಳ ಕಾಲು ತಾಕಿದರೆ ಅವಳೇ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮದುವೆಯ ದಿನ ಕಾಲುಂಗುರ ತೊಡಿಸಿದ್ದೂ ಅವಳ ಸೋದರತ್ತೆಯೇ. ಹಾಗಾಗಿ ದಿನಾ ಬೆಳಿಗ್ಗೆ ಗಂಡ ಹೆಂಡತಿ ಜಗಳವಾಡಿದವರಂತೆ ಬೆನ್ನಿಗೆ ಬೆನ್ನು ಹಾಕಿ ಕೂತಿರುತ್ತಿದ್ದರು.

ಮರುವರ್ಷ ಅವಳ ಕಣ್ಣು ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ, ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳಬೇಕಿತ್ತು. ಇದೂ ಸಕ್ಕರೆಯದೇ ಕೆಲಸ, ದೊಡ್ಡಾಸ್ಪತ್ರೆಗೆ ಹೋಗಿ ಕಣ್ಣು ತೋರಿಸಿ ಎಂದು ಕುಮಾರಿ ಹೇಳಿದಳು. ಅಲ್ಲಿಯವರೆಗೆ ಅಂಗಾಲನ್ನು ಮನೆಯವರ್ಯಾರಾದರೂ ನೋಡಲಿ, ಯಜಮಾನರು ಇದ್ದಾರಲ್ಲ ಎಂದಳು. ಮರಿತಾಯಮ್ಮ ಏನೋ ಪೋಲಿ ಮಾತು ಕೇಳಿದವಳಂತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮನೆಗೆ ಬಂದು ರಂಗನಾಯಕನಿಗೆ ಅದನ್ನು ಹೇಳಲೂ ಇಲ್ಲ. ಕಣ್ಣು ತೋರಿಸುವುದನ್ನು ಅರಿಸಿನದ ಕೆಲಸ ಮುಗಿದ ಮೇಲೆ ನೋಡೋಣವೆಂದು ಮುಂದಕ್ಕೆ ಹಾಕಿದಳು.

ಆಗ ಊರಿನ ಜಮೀನುದಾರ ಮಲ್ಲಿಕಾರ್ಜುನಸ್ವಾಮಿಯವರ ಕಣದಲ್ಲಿ ಅರಿಸಿನ ಬೇಯಿಸಿ ಒಣಹಾಕುತ್ತಿದ್ದರು. ಬೆಂದ ಅರಿಸಿನವನ್ನು ಸಿಮೆಂಟು ಕಣದ ತುಂಬಾ ಹರಡಿ, ಹೆಂಗಸರು ಸಾಲಾಗಿ ಅದರೊಳಗೆ ಕಾಲೆಳೆಯುತ್ತಾ ನಡೆದು ಅಡಿಮೇಲು ಮಾಡಬೇಕು. ಅರಿಸಿನ ಎಂದರೆ ಸಾಕ್ಷಾತ್ ಗೌರಮ್ಮ, ಅದರ ಮೇಲೆ ಚಪ್ಪಲಿ ಕಾಲಲ್ಲಿ ಹೋದವರುಂಟೇ? ಬೇಲಿಯ ಬದಿಯಲ್ಲಿ ಎಲ್ಲರ ಚಪ್ಪಲಿಯೂ ಸಾಲಾಗಿತ್ತು. ಮರಿತಾಯಮ್ಮ ಒಂದು ಗಳಿಗೆ ಅನುಮಾನಿಸಿದಳು. ಕುಮಾರಿಯ ಮಾತು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಮುತ್ತೈದೆಗೆ ಅರಿಸಿನದಿಂದ ಕೇಡಾದೀತೇ, ಗಾಯಕ್ಕೆ ಹಚ್ಚುವ ಮದ್ದೇ ಅದಲ್ಲವೇ ಎಂದುಕೊಂಡು ಚಪ್ಪಲಿ ಕಳಚಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು, ಅವಳನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಬಿಸಿಲು ನೆತ್ತಿಗೇರಿತು, ಕಣದ ಸಿಮೆಂಟು ಕಾದ ಹೆಂಚಾಯಿತು. ಜೊತೆಯವರು ಉಸ್ಸು ಉಸ್ಸೆನ್ನುತ್ತಾ ಓಡಿ ಹುಣಸೆಮರದ ನೆರಳು ಸೇರಿದರು. ಮರಿತಾಯಮ್ಮ ಒಬ್ಬಳೇ ಆ ತುದಿಯಿಂದ ಈ ತುದಿಗೆ ಕಾಲೆಳೆಯುತ್ತಾ ನಡೆದಳು. ಕಾಲಲ್ಲ ಅದು, ಕಬ್ಬಿಣ ಎಂದು ನೆರಳಲ್ಲಿದ್ದವರು ಹೊಗಳಿದರು. ಮಲ್ಲಿಕಾರ್ಜುನಸ್ವಾಮಿಯವರೂ ಬಂದು, ಕೆಲಸವೆಂದರೆ ಇವಳನ್ನು ನೋಡಿ ಕಲಿಯಬೇಕು ಎಂದರು. ಕಾಲಿಗೆ ಕನ್ನಡಿ ಹಿಡಿಯುವವಳು ಎಂದು ಎಷ್ಟೋ ದಿನ ನಗಿಸಿಕೊಂಡವಳಿಗೆ, ಅದೇ ಕಾಲನ್ನು ಊರು ಮೆಚ್ಚಿದ್ದು ಕೇಳಿ ಹಿಗ್ಗಾಯಿತು. ಇನ್ನೊಂದು ಸುತ್ತು ನಡೆದಳು. ಜೀವವಿಲ್ಲದ ಕಾಲನ್ನು ಗಟ್ಟಿ ಕಾಲೆಂದು ಹೊಗಳಿದ ಆ ಮಾತುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಜಗುಲಿಯಲ್ಲಿ ಕೂತಳು. ನೀರಿಗೆ ಮೊಣಕೈ ಅದ್ದಿದಳು, ತೊಳೆದಳು, ಒರೆಸಿದಳು, ಕನ್ನಡಿ ಹಿಡಿದಳು. ಮಂಜುಗಣ್ಣಿಗೆ ಕಂಡಿದ್ದು ಅಂಗಾಲಿನ ತುಂಬಾ ಹಳದಿ. ಅರಿಸಿನದ ಬಣ್ಣ ಹಿಡಿದಿದೆ, ಲಕ್ಷಣವಾಗಿದೆ ಎಂದುಕೊಂಡಳು. ಆ ಹಳದಿಯ ಕೆಳಗೆ ಎಡಗಾಲಲ್ಲಿ ಬೊಬ್ಬೆ ಎದ್ದಿದ್ದು ಕಾಣಲಿಲ್ಲ. ಅದು ಒಡೆದು ಪಸೆ ಕೈಗೆ ತಾಕಿದಾಗ, ಒರೆಸಿದ್ದು ಸಾಲದೆಂದು ಇನ್ನೊಂದು ಸಲ ಒರೆಸಿ ಮೇಲೆ ಎಣ್ಣೆ ಸವರಿದಳು. ಕಣದ ಕೆಲಸ ಮುಗಿಯುವವರೆಗೆ ದಿನಾ ಹೀಗೇ ನಡೆಯಿತು. ಅವಳ ನೇಮ ಒಂದು ದಿನವೂ ತಪ್ಪಲಿಲ್ಲ.

ಒಂದು ದಿನ ರಂಗನಾಯಕ ಒಳಗೆ ಹೋಗುವಾಗ ನೆಲದ ಮೇಲೆ ಜಗುಲಿಯಿಂದ ಅಡುಗೆಮನೆಯವರೆಗೆ ಒದ್ದೆ ಕಲೆಗಳನ್ನು ಕಂಡ. ಕಾಲಿಗೇನಾಗಿದೆ ಎಂದು ಕೇಳಿದ. ಅವಳು ಸೀರೆಯ ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡು, ಏನೂ ಇಲ್ಲ, ಎಣ್ಣೆ ಜಾಸ್ತಿಯಾಗಿದೆ ಎಂದಳು. ಹೆಂಡತಿಯ ಕಾಲಿನ ವಿಚಾರ ಅದಕ್ಕಿಂತ ಹೆಚ್ಚು ಕೆದಕುವುದು ಅವನಿಗೂ ಸರಿಕಾಣಲಿಲ್ಲ. ಒಂದು ಬಟ್ಟೆ ತಂದು ನೆಲ ಒರೆಸಿ ಹೊರಗೆ ಹೋದ.

ವಾರ ಕಳೆಯುವುದರೊಳಗೆ ಅವಳಿಗೆ ಚಳಿಜ್ವರ ಬಂತು. ಮನೆಯಲ್ಲೊಂದು ವಾಸನೆ ಎದ್ದಿತು. ರಂಗನಾಯಕ ಓಡಿ ಹೋಗಿ ಕುಮಾರಿಯನ್ನು ಕರೆತಂದ. ಅವಳು ಕಾಲು ಎತ್ತಿ ಅಂಗಾಲು ನೋಡಿದವಳೇ ಆಂಬುಲೆನ್ಸಿಗೆ ಫೋನು ಮಾಡಿದಳು. ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, ಹೆಚ್ಚು ಹೊತ್ತು ಯೋಚಿಸಿದರೆ ಜೀವವೂ ಉಳಿಯುವುದಿಲ್ಲ ಎಂದರು. ಅಕ್ಕನಿಗೆ ತೆಗೆದ ಹಾಗೆಯೇ ಇವಳಿಗೂ ಮಂಡಿಯ ಕೆಳಗೆ, ಎಡಗಾಲನ್ನು ತೆಗೆದರು.

ಎಚ್ಚರವಾಗಿ ಮಾತು ಬಂದ ಮೇಲೆ, ನೋಡಲು ಬಂದ ಕುಮಾರಿಯ ಕೈಯನ್ನು ಮರಿತಾಯಮ್ಮ ಹಿಡಿದುಕೊಂಡಳು. ತಪ್ಪು ಮಾಡಿ ಮೇಷ್ಟರ ಮುಂದೆ ನಿಂತ ಮಗುವಿನ ದನಿ ಅದು.

"ನೀ ಏಳ್ದಂಗೇ ದಿನಾ ಮಾಡ್ತಿದ್ನಲ್ಲವ್ವ. ಒಂದ್ ದಿನಾನೂ ತಪ್ಪುಸ್ನಿಲ್ಲ."

ಕುಮಾರಿ ಕಣ್ಣು ಒರೆಸಿಕೊಂಡಳು. ಯಜಮಾನರಿಗೆ ತೋರಿಸಿ ಎಂದಿದ್ದೆನಲ್ಲ ಅಮ್ಮ ಎಂದು ಮಾತ್ರ ಮೆಲ್ಲಗೆ ಹೇಳಿದಳು. ಬಾಗಿಲ ಬಳಿ ಬ್ರೆಡ್ಡಿನ ಪೊಟ್ಟಣ ಹಿಡಿದು ನಿಂತಿದ್ದ ರಂಗನಾಯಕನ ಕಿವಿಗೆ ಅದು ಬಿತ್ತು. ಹಾಗೊಂದು ಮಾತಿದೆ ಎಂಬುದೇ ಅವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಒಂದು ಮಾರು ದೂರದಲ್ಲಿ ಬೀದಿ ನೋಡುತ್ತಾ ಕೂತಿದ್ದ ಅಷ್ಟೂ ಬೆಳಗುಗಳು ಅವನಿಗೆ ನೆನಪಾದವು. ಆ ನೆಲ ಒರೆಸಿದ್ದೂ ನೆನಪಾಯಿತು. ಅವನು ಒಳಗೆ ಬರದೆ ವರಾಂಡದ ಬೆಂಚಿನ ಮೇಲೆ ಹೋಗಿ ಕೂತ.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಬಂದು ಜಗುಲಿಯಲ್ಲಿ ಕೂರಿಸಿದ. ಅವಳು ನೀರು ಕೇಳಲಿಲ್ಲ, ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಯಾವ ಸುಖಕ್ಕೆ ಎಂಬಂತೆ ಕೂತಿದ್ದಳು. ರಂಗನಾಯಕ ಒಳಗೆ ಹೋಗಿ ಬೋಗುಣಿಯಲ್ಲಿ ನೀರು ತಂದು ಅವಳ ಮುಂದಿಟ್ಟು, ತೋಳು ಮಡಿಸಿ ಮೊಣಕೈ ಅದ್ದಿ ನೋಡಿದ. ಬೆನ್ನು ಹಾಕಿ ಕೂತವನಿಗೆ ಅದು ಯಾವಾಗ ತಿಳಿದಿತ್ತೋ. ಆಮೇಲೆ ಬೀದಿಗೆ ಬೆನ್ನು ಮಾಡಿ ಅವಳ ಎದುರು ನೆಲದ ಮೇಲೆ ಕೂತು ಕೈ ಚಾಚಿದ.

ಮರಿತಾಯಮ್ಮ ಕಾಲನ್ನು ಸರಕ್ಕನೆ ಎಳೆದುಕೊಂಡಳು. "ಮುಟ್ಬ್ಯಾಡಿ. ನಿಮ್ ಕೈಲಿ ಕಾಲ್ ತೊಳುಸ್ಕಂಡ್ರೆ ನಂಗ್ ಪಾಪ ಸುತ್ಕತದ."

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ರಂಗನಾಯಕ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಆ ಕಾಲ್ನ ನಾ ಮುಟ್ನಿಲ್ಲ ಕಣಮ್ಮಿ, ಅದ್ಕೇ ಓಯ್ತು" ಎಂದ. "ಇದೊಂದ್ನ ನನ್ ಕೈಗೆ ಕೊಟ್ಬುಡು."

ಅವಳು ಬಹಳ ಹೊತ್ತು ಕೊಡಲಿಲ್ಲ. ನೀರು ಆರುತ್ತಾ ಬಂತು. ಕೊನೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕಾಲನ್ನು ಮುಂದಕ್ಕೆ ಚಾಚಿದಳು. ಅವನು ತೊಳೆದ, ಬೆರಳ ಸಂದಿ ಒಂದೊಂದನ್ನೂ ಒರೆಸಿದ, ಅಂಗಾಲನ್ನು ಮೇಲಕ್ಕೆತ್ತಿ ಕಣ್ಣಿನ ಹತ್ತಿರ ತಂದು ನೋಡಿದ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಅಂಗಾಲನ್ನು ಅವನು ನೋಡಿದ್ದು ಅದೇ ಮೊದಲು. ಏನಾದರೂ ಇದೆಯಾ ಎಂದು ಅವಳು ಸೆರಗಿನೊಳಗಿಂದಲೇ ಕೇಳಿದಳು. ಏನೂ ಇಲ್ಲ, ಚೆನ್ನಾಗಿದೆ ಎಂದ. ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಎಣ್ಣೆ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡ. ಕಂಬದಲ್ಲಿದ್ದ ಕನ್ನಡಿಯನ್ನು ಅವತ್ತು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ.