ಮೇಜಿನಿಂದ ಬಿದ್ದ ನಾಣ್ಯ

ಓರ್ವಿಲ್ ಟ್ಯಾಡನ್ ನೆಬ್ರಾಸ್ಕದ ನಮ್ಮ ಪ್ಲಮ್ ವ್ಯಾಲಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕೋಚ್. ಮೈದಾನದ ಹುಲ್ಲು ಕತ್ತರಿಸುವವನೂ ಅವನೇ, ಸುಣ್ಣದ ಗೆರೆ ಎಳೆಯುವವನೂ ಅವನೇ, ಸೋಮವಾರ ಭೂಗೋಳ ಪಾಠ ಮಾಡುವವನೂ ಅವನೇ. ಅವನು ಒಮ್ಮೆ ಕೂಗಿದರೆ ಪಕ್ಕದ ಜಿಲ್ಲೆಯ ಹಸುಗಳು ಹಾಲು ಕರೆಯುವವರಿಗೂ ಕಾಯದೆ ಸುರಿಸಿಬಿಡುತ್ತಿದ್ದವು. ಆಟ ನಡೆಯುವಾಗ ಅಂಚಿನಲ್ಲಿ, ಚೆಂಡು ಎಷ್ಟು ಗಜ ಮುಂದೆ ಹೋಯಿತೆಂದು ಅಳೆಯುವ ಸರಪಳಿ ಹಿಡಿದು ನಿಲ್ಲುವುದು ನನ್ನ ಕೆಲಸ. ನನ್ನ ಎಡಗಿವಿ ಹೋದದ್ದು ಅಲ್ಲೇ.

ಇಷ್ಟು ಕೂಗಿದರೂ ಅವನ ತಂಡ ಒಮ್ಮೆಯೂ ದೇಶಮಟ್ಟದ ಪ್ಲೇಆಫ್ ಪಂದ್ಯಗಳನ್ನು ಮುಟ್ಟಿರಲಿಲ್ಲ. ನಮ್ಮ ಕೂಟದ ಎಂಟು ಕಾಲೇಜುಗಳಲ್ಲಿ ಚಾಂಪಿಯನ್ ಆದ ಒಂದಕ್ಕೆ ಮಾತ್ರ ಅಲ್ಲಿಗೆ ಪ್ರವೇಶ. ೧೯೮೭, ಅವನ ಕೊನೆಯ ಋತು; ಮುಂದಿನ ಬೇಸಿಗೆಗೆ ನಿವೃತ್ತಿ. ನಾವು ಕೋಚ್ ವೆರ್ಬ್ಕನ ತಂಡವನ್ನು ಸೋಲಿಸಿದೆವು, ವೆರ್ಬ್ಕನ ತಂಡ ಕೋಚ್ ಕೋಲ್ಟರ್‌ಮನ್ನನ ತಂಡವನ್ನು ಸೋಲಿಸಿತು, ಕೋಲ್ಟರ್‌ಮನ್ನನವರು ನಮ್ಮನ್ನು ಸೋಲಿಸಿದರು. ಮಿಕ್ಕವರನ್ನೆಲ್ಲ ಮೂವರೂ ಬಡಿದುಹಾಕಿದ್ದರು. ಮೂವರೂ ಸಮ.

ಅಂಕಗಳ ಅಂತರ ನೋಡಿದ್ದರೆ ನಾವೇ ಚಾಂಪಿಯನ್. ಆದರೆ ಆ ನಿಯಮವನ್ನು ಹಿಂದೊಮ್ಮೆ ಕೂಟದ ಸಭೆಯಲ್ಲಿ ಮೇಜು ಗುದ್ದಿ ತೆಗೆಸಿದವನು ಓರ್ವಿಲ್ಲನೇ. ಬಡ ಕಾಲೇಜೊಂದನ್ನು ಯಾರೋ ತೊಂಬತ್ತು ಅಂಕಗಳಿಂದ ಅರೆದುಹಾಕಿದ ವರ್ಷ ಅದು. "ಬಿದ್ದೋನ ಎದೆ ಮೇಲೆ ಕುಣಿದೋನಿಗೆ ಬಹುಮಾನಾನಾ? ಅದಕ್ಕಿಂತ ನಾಣ್ಯ ಚಿಮ್ಮಿ," ಎಂದಿದ್ದ. ಅದೇ ನಿಯಮವಾಯಿತು. ಮೂವರೂ ಒಟ್ಟಿಗೆ ಚಿಮ್ಮಬೇಕು. ಇಬ್ಬರದು ಒಂದೇ ಬಿದ್ದು ಯಾರದು ಬೇರೆ ಬೀಳುತ್ತದೋ ಅವನು ಚಾಂಪಿಯನ್.

ಭಾನುವಾರ ಮಧ್ಯಾಹ್ನ ಮೂವರು ಕೋಚ್‌ಗಳೂ ಹೆದ್ದಾರಿ ಪಕ್ಕದ ಲಾವೊನ್‌ಳ ಹೋಟೆಲಿನಲ್ಲಿ ಸೇರಿದರು. ಓರ್ವಿಲ್ಲನನ್ನು ಕರೆದೊಯ್ದವನು ನಾನು. ಎದುರುಗಾಳಿ ಎಷ್ಟಿತ್ತೆಂದರೆ, ಕಾರು ಅರ್ಧ ದಾರಿ ಹಿಮ್ಮುಖವಾಗಿಯೇ ಓಡಿತು.

"ಮೊದ್ಲು ತಿನ್ರಪ್ಪ. ಸೋತ್ಮೇಲೆ ಯಾರೂ ತಿನ್ನಲ್ಲ," ಎಂದು ಲಾವೊನ್ ಚಿಲಿ ಸಾರು, ದಾಲ್ಚಿನ್ನಿ ರೋಲ್ ತಂದಿಟ್ಟಳು.

"ಓರ್ವಿಲ್, ನಿನ್ನ ನಿಯಮ ನಿನ್ನೇ ಕಚ್ತಲ್ಲೋ," ಎಂದು ವೆರ್ಬ್ಕ ಕಿಚಾಯಿಸಿದ.

"ಕಚ್ಲಿ ಬಿಡು. ಅದಕ್ಕಾದ್ರೂ ಹಲ್ಲಿದೆ, ನಿನ್ನ ತಂಡಕ್ಕೆಲ್ಲಿದೆ?"

ಚಿಮ್ಮಿದರು. ಆ ಇಬ್ಬರದೂ ಹೆಡ್. ಓರ್ವಿಲ್ಲನ ನಾಣ್ಯ ಬಟ್ಟಲಿಗೆ ಬಡಿದು, ಮೇಜಿನಿಂದ ಜಾರಿ ಕಪಾಟಿನ ಕೆಳಗೆ ಉರುಳಿತು. ಲಾವೊನ್ ಟಾರ್ಚ್ ಬಿಟ್ಟು ನೋಡಿದಳು.

"ಟೇಲ್! ಓರ್ವಿಲ್ ಗೆದ್ದ!"

ವೆರ್ಬ್ಕ ಟೋಪಿ ತೆಗೆದ. ಕೋಲ್ಟರ್‌ಮನ್ ಕೈಕುಲುಕಲು ಎದ್ದೇಬಿಟ್ಟ. ಓರ್ವಿಲ್ ಮಾತ್ರ ಕದಲಲಿಲ್ಲ.

"ಮೇಜು ದಾಟಿ ಹೋಯ್ತು. ಗೆರೆ ದಾಟಿದ್ದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಚಿಮ್ಮೋಣ."

"ಏ ಪುಣ್ಯಾತ್ಮ, ಇದು ಹೋಟ್ಲು ಕಣೋ, ಮೈದಾನ ಅಲ್ಲ! ಬಾಯ್ಮುಚ್ಕೊಂಡು ಗೆದ್ಬಿಡು!" ಎಂದು ನಾನು ಕಿರುಚಿದೆ.

ಕೇಳಲಿಲ್ಲ. ಮತ್ತೆ ಚಿಮ್ಮಿದರು. ಕೋಲ್ಟರ್‌ಮನ್ ಗೆದ್ದ.

ಲಾವೊನ್‌ಳ ಫೋನು ನಮ್ಮ ಕಾರಿಗಿಂತ ಮೊದಲೇ ಊರು ಸೇರಿತ್ತು. ನಾವು ಕಾಲೇಜು ತಲುಪಿದಾಗ ಹುಡುಗರೆಲ್ಲ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾಯುತ್ತಿದ್ದರು. ಕ್ಯಾಪ್ಟನ್ ಡೆಶಾನ್ ಪ್ರೂಯಿಟ್‌ಗೆ ಅದು ಕೊನೆಯ ವರ್ಷ. ಮುರಿದ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಆಡಿದ್ದ.

"ಕೋಚ್, ಮೊದ್ಲು ಟೇಲ್ ಬಿತ್ತಂತೆ?"

"ಹೂಂ."

"ಆ ಇಬ್ರೂ ಒಪ್ಕೊಂಡಿದ್ರಂತೆ?"

"ಹೂಂ."

"ಮತ್ತೆ ನೀವ್ಯಾಕೆ ಬಾಯಿ ಹಾಕಿದ್ರಿ?"

"ಹಾಕ್ಬಾರ್ದಿತ್ತು ಅಂತೀಯಾ?"

"ಹಾಕ್ಬಾರ್ದಿತ್ತು," ಎಂದ ಡೆಶಾನ್.

"ಸರಿ. ನನ್ಮೇಲೇ ಸಿಟ್ಟು ಮಾಡ್ಕೊ. ಕೋಲ್ಟರ್‌ಮನ್ ಹುಡುಗ್ರನ್ನ ಬೈಬೇಡ," ಎಂದ ಓರ್ವಿಲ್.

ಡೆಶಾನ್ ಕೈಕುಲುಕದೇ ಹೋದ.

ಮುಂದಿನ ವಸಂತದಲ್ಲಿ ಕೂಟದ ಸಭೆ ಸೇರಿತು. ಅಂಕಗಳ ಅಂತರವನ್ನೇ ಮತ್ತೆ ತರಬೇಕೆಂದು ನಮ್ಮ ಪ್ರಿನ್ಸಿಪಾಲರೇ ಎದ್ದು ಕೇಳಿದರು. ಒಬ್ಬ ಕೋಚ್ ಬಂದಿರಲಿಲ್ಲ; ಉಳಿದ ಕೋಚ್‌ಗಳ ಮತ ಪರ ಮೂರು, ವಿರೋಧ ಮೂರು ಎಂದು ಸಮವಾಗಿ ನಿಂತು, ಕೊನೆಯ ಕೈ ಓರ್ವಿಲ್ಲನದಾಯಿತು. ವಿರೋಧಕ್ಕೇ ಎತ್ತಿದ.

ಹೊರಗೆ ಬಂದು ನನ್ನ ಬಲಗಿವಿಗೆ ಹೇಳಿದ: "ಇನ್ಮೇಲೆ ನಮ್ಮೂರಲ್ಲಿ ಕ್ಷೌರಕ್ಕೂ ಹೋಗೋ ಹಾಗಿಲ್ಲ ಕಣೋ."

ಹೋಗಲೂ ಇಲ್ಲ. ಆ ವರ್ಷವಿಡೀ ಅವನ ಹೆಂಡತಿಯೇ ಕತ್ತರಿ ಹಿಡಿದಳು. ತಲೆ ಆಲಿಕಲ್ಲು ಬಿದ್ದ ಜೋಳದ ಹೊಲದ ಹಾಗಿತ್ತು.