ಲೂರ್ದಮ್ಮ ಕದಿಯಲಿಲ್ಲ

ಲೂರ್ದಮ್ಮ ಜಪಸರ ಹಿಡಿದು "ನಮೋ ಮರಿಯಾ" ಎಂದರೆ ಎದುರುಮನೆಯವಳನ್ನು ಜಗಳಕ್ಕೆ ಕರೆದ ಹಾಗೆ ಕೇಳುತ್ತಿತ್ತು. ನಾವೆಲ್ಲ ರಾಗ ಎಳೆದು ಹೇಳುವುದನ್ನು ಆಕೆ ಬಾಗಿಲು ಬಡಿದಂತೆ ಹೇಳುವಳು. ಒಮ್ಮೆ ಕುಡುಗೋಲು ಕಳೆದುಹೋಗಿ, ಎಷ್ಟು ಬೇಡಿಕೊಂಡರೂ ಸಿಗದಿದ್ದಾಗ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರ ಪಟವನ್ನೇ ಗೋಡೆ ಕಡೆಗೆ ತಿರುಗಿಸಿಟ್ಟಿದ್ದಳು. "ಕ್ಯಾಮೆ ಮಾಡ್ದೆ ಇರೋರು ಮುಖ ತೋರುಸ್ಬಾರ್ದು. ಉಡುಕ್ಕೊಟ್ಟು ಆಮೇಲೆ ಈ ಕಡೆ ತಿರುಗ್ಲಿ" ಅಂದಳು. ಸಂಜೆ ಕುಡುಗೋಲು ಹುಲ್ಲಿನ ಮೆದೆಯಲ್ಲಿ ಸಿಕ್ಕಿತು. ಪಟಕ್ಕೆ ಅವತ್ತು ಸೇವಂತಿಗೆ ಹಾರ ಬಿತ್ತು.

ರಕ್ತಸಂಬಂಧವಿಲ್ಲದಿದ್ದರೂ ನಾನು ಆಕೆಯನ್ನು ಅತ್ತೆ ಎನ್ನುತ್ತಿದ್ದೆ. ಚನ್ನರಾಯಪಟ್ಟಣದ ಸಂತೆಯಲ್ಲಿ ಆಕೆ ಸೊಪ್ಪು ಮಾರುತ್ತಿದ್ದಳು. ಪಕ್ಕದಲ್ಲಿ ಗೋಣಿತಾಟು ಹಾಸಿ ನಾನು ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ಇಟ್ಟುಕೊಂಡು ಕೂರುತ್ತಿದ್ದೆ. ಗಿರಾಕಿಗೆ ಬೆಲೆ ಹೇಳುವುದು, ಅವರ ಮುಖ ಸಪ್ಪಗಾದರೆ ಕೇಳುವ ಮೊದಲೇ ನಾನೇ ಇಳಿಸುವುದು, ಇದು ಆಗಿನ ನನ್ನ ವ್ಯಾಪಾರ. ನೋಡಿ ನೋಡಿ ಸಾಕಾಗಿ ಒಂದು ದಿನ ದಂಟಿನ ಕಟ್ಟಿನಿಂದಲೇ ಬೆನ್ನಿಗೆ ಬಾರಿಸಿದಳು.

"ಲೇ ಜೋಜ, ಬೆಲೆ ಯೋಳಾದ್ಮೇಲೆ ಬಾಯಿ ಮುಚ್ಕಂಡು ಕುಂತ್ಕೊಳ್ಳಾ. ಮೊದ್ಲು ಮಾತಾಡ್ದೋನು ಸೋತ ಕಣ್ಲಾ."

ಇವತ್ತು ನನಗೆ ಎರಡಂತಸ್ತಿನ ಪಾತ್ರೆ ಅಂಗಡಿ ಇದೆ. ನೀವೂ ವ್ಯಾಪಾರ ಮಾಡುವವರಾದರೆ ಮಿಕ್ಕ ಬುದ್ಧಿಮಾತನ್ನೆಲ್ಲ ಮರೆತು ಇದೊಂದನ್ನು ಇಟ್ಟುಕೊಳ್ಳಿ. ಬಾಯಿಬಡುಕಿ ಎಂದು ಊರೆಲ್ಲ ಹೆಸರಾಗಿದ್ದವಳು ನನಗೆ ಕಲಿಸಿದ್ದು ಸುಮ್ಮನಿರುವುದನ್ನು.

ಕೊರೋನಾ ಬಂದು ನಮ್ಮೂರ ಚರ್ಚಿಗೆ ಬೀಗ ಬಿದ್ದ ತಿಂಗಳುಗಳಲ್ಲಿ ಕೇರಿಯ ಜಪ ನಿಲ್ಲದಂತೆ ನೋಡಿಕೊಂಡದ್ದು ಆ ಗಂಟಲೇ. ಸಂಜೆಯಾದರೆ ತನ್ನ ಜಗುಲಿಯಿಂದ ಜಪದ ಮೊದಲರ್ಧ ಕೂಗುವಳು. ಉಳಿದರ್ಧ ಮನೆಮನೆಯ ಬಾಗಿಲಿಂದ ಬರಬೇಕು. ತಡವಾದರೆ, "ಚಿನ್ನಪ್ಪನ್ ಮನೇರೇ, ಏನು ಮುದ್ದೆ ಗಂಟ್ಲಾಗ್ ಸಿಕ್ಕಂಡೈತಾ? ಅಲ್ಲಿ ಮರಿಯಮ್ನೋರು ಕಾಯ್ತಾ ಅವ್ರೆ" ಎಂದು ಬೀದಿಯ ಮಾನ ತೆಗೆಯುವಳು. ನಗುತ್ತಲೇ ಎಲ್ಲರೂ ಉತ್ತರ ಕೊಡುತ್ತಿದ್ದರು. ಫೋನಿನಲ್ಲಿ ಬರುತ್ತಿದ್ದ ಪೂಜೆ ನೆಟ್‌ವರ್ಕ್ ಇಲ್ಲದೆ ಅರ್ಧಕ್ಕೆ ನಿಲ್ಲುತ್ತಿತ್ತು. ಲೂರ್ದಮ್ಮ ಒಂದು ದಿನವೂ ನಿಲ್ಲಲಿಲ್ಲ.

ಇನ್ನು ಆಕೆಯ ಮಗುವಿನ ವಿಷಯ ಹೇಳಬೇಕು. ಕ್ರಿಸ್ಮಸ್ಸಿಗೆ ಚರ್ಚಿನೊಳಗೆ ಹುಲ್ಲು ಹಾಸಿ ಗೋದಲಿ ಕಟ್ಟುತ್ತೇವೆ. ಅದರಲ್ಲಿ ಮಲಗಿಸುವ ಬಾಲಯೇಸುವಿನ ಬೊಂಬೆ ಹಳೆಯ ಕಾಲದ್ದು. ಎಷ್ಟೋ ತಲೆಮಾರಿನವರು ಮುತ್ತಿಟ್ಟು ಅದರ ಎಡಗಾಲ ಹೆಬ್ಬೆರಳಿನ ಬಣ್ಣವೇ ಹೋಗಿದೆ. ಚರ್ಚಿನ ಹೆಂಚು ಸೋರುತ್ತದೆಂದು ವರ್ಷವಿಡೀ ಅದು ಇರುತ್ತಿದ್ದದ್ದು ಲೂರ್ದಮ್ಮನ ತಗಡಿನ ಪೆಟ್ಟಿಗೆಯಲ್ಲಿ, ಸೀರೆಗಳ ನಡುವೆ. ಆಕೆಯ ಅತ್ತೆಯ ಕಾಲದಿಂದ ಹಾಗೇ. ಹಬ್ಬದ ಹಿಂದಿನ ದಿನ ಹೊಸ ಬಿಳಿ ಬಟ್ಟೆ ಸುತ್ತಿ, ಚಳಿ ತಾಗೀತೆಂಬಂತೆ ಸೆರಗಿನೊಳಗೆ ಮುಚ್ಚಿಕೊಂಡು ಚರ್ಚಿಗೆ ತರುವಳು. ಅಷ್ಟು ಹೊತ್ತು ಮಾತ್ರ ಯಾರನ್ನೂ ಬೈಯುತ್ತಿರಲಿಲ್ಲ.

ಕೊರೋನಾ ಬಂದ ಆ ವರ್ಷದ ಕ್ರಿಸ್ಮಸ್ಸಿಗೆ ರಾತ್ರಿ ಕರ್ಫ್ಯೂ ಎಂದರು, ಆಮೇಲೆ ಇಲ್ಲ ಎಂದರು. ಅಷ್ಟರಲ್ಲಿ ನಮ್ಮ ನಡುರಾತ್ರಿಯ ಪೂಜೆ ಸಂಜೆಗೆ ಇಳಿದಾಗಿತ್ತು. "ಯೇಸು ಉಟ್ಟೋ ಒತ್ತನ್ನೂ ಇವ್ರೇ ಯೋಳ್ಬೇಕಾ?" ಎಂದು ಲೂರ್ದಮ್ಮ ಗೊಣಗಿದಳು. ಅದರ ಮೇಲೆ ಚರ್ಚಿನ ಸಮಿತಿಯ ಅಧ್ಯಕ್ಷರು ಗೇಟಿಗೆ ಬೋರ್ಡು ಹಾಕಿಸಿದರು: ಅರವತ್ತೈದು ದಾಟಿದವರಿಗೂ ಹತ್ತು ವರ್ಷದೊಳಗಿನ ಮಕ್ಕಳಿಗೂ ಪ್ರವೇಶವಿಲ್ಲ. ಆಕೆಗೆ ಎಪ್ಪತ್ತು ಹತ್ತಿರವಾಗಿತ್ತು. ರೋಗ ಸುಳ್ಳಲ್ಲ, ಎಚ್ಚರಿಕೆಯೂ ತಪ್ಪಲ್ಲ ಎಂದು ನಾನು ಹೇಳಿದೆ. ಆಕೆಯೂ ಒಪ್ಪಿದಳು. "ಆಯ್ತು ಬುಡು, ಮಗೀನ ಬಾಗ್ಲಲ್ಲೇ ಕೊಟ್ಟು ಈಚೆ ಕುಂತ್ಕತೀನಿ" ಅಂದಳು. ಒಪ್ಪಿದ್ದಳು ಎಂಬುದನ್ನು ಮರೆಯಬೇಡಿ.

ಸಂಜೆ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೇಟಿಗೆ ಬಂದಳು. ಅದೇ ಹೊತ್ತಿಗೆ ಪಕ್ಕದ ಚಿಕ್ಕ ಬಾಗಿಲಲ್ಲಿ ಅಧ್ಯಕ್ಷರು ಎಂಬತ್ತು ದಾಟಿದ ತಮ್ಮ ತಾಯಿ ಆರೋಗ್ಯಮ್ಮನವರ ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದರು. ಲೂರ್ದಮ್ಮ ನಿಂತಳು. ಬೋರ್ಡು ಓದಲು ಬಾರದವಳು ಗೇಟಿನ ಬಳಿಯಿದ್ದ ನನ್ನಿಂದ ಮತ್ತೊಮ್ಮೆ ಓದಿಸಿದಳು.

"ಅತ್ತು ವರ್ಸದೊಳ್ಗಿನ ಮಕ್ಳು ಬರಂಗಿಲ್ಲ ಅಂತ ತಾನೇ ಬರ್ದಿರಾದು?"

"ಹೌದತ್ತೆ."

"ಅಂಗಾದ್ರೆ ಇವ್ನೂ ಬರಂಗಿಲ್ಲ. ಇವ್ನಿನ್ನೂ ಉಟ್ಟೇ ಇಲ್ಲ."

ತಿರುಗಿ ಎದುರು ಬೀದಿಯ ತನ್ನ ಮನೆಗೆ ಹೊರಟೇಬಿಟ್ಟಳು. ಜಗುಲಿಯ ಮೇಲೆ ಮೊರದಲ್ಲಿ ಹುಲ್ಲು ಹಾಸಿ ಮಗುವನ್ನು ಮಲಗಿಸಿದಳು. ಬೀದಿಯ ಮುದುಕರು, ಮಕ್ಕಳು ಬಂದು ಸೇರಿದರು. "ದೂರ ಕುಂತ್ಕಳಿ. ಯಾರೂ ಮುತ್ತಿಕ್ಕಂಗಿಲ್ಲ, ಕೈ ಮುಗೀರಿ ಸಾಕು" ಎಂದು ಒಬ್ಬೊಬ್ಬರನ್ನೂ ಮಾರುದ್ದ ದೂರ ಕೂರಿಸಿದಳು. ಅಧ್ಯಕ್ಷರ ಬೋರ್ಡಿಗಿಂತ ಆಕೆಯ ಜಗುಲಿಯೇ ಬಿಗಿಯಾಗಿತ್ತು.

ಚೌಕಾಸಿ ಮಾಡಬಲ್ಲವನೆಂದು ಅಧ್ಯಕ್ಷರು ನನ್ನನ್ನೇ ಕಳಿಸಿದರು. ಹೋದೆ.

"ಎಲ್ರುನೂ ಒಳೀಕ್ ಬುಡ್ಲಿ. ಇಲ್ಲಾ ಅವ್ರವ್ವನೂ ಈಚೆ ಬಂದು ನಮ್ ಜತೇಲಿ ಕುಂತ್ಕಳ್ಲಿ. ಮಗೀನ ಕೊಡ್ತೀನಿ" ಅಂದು ಬಾಯಿ ಮುಚ್ಚಿದಳು. ನಾನು ಹಾಗೆ ಹೀಗೆ ಎಂದು ಏನೇನೋ ಹೇಳಿದೆ. ಆಕೆ ಮಗುವಿನ ಬಟ್ಟೆ ಸರಿಮಾಡುತ್ತಾ ಕೂತಳು. ಸೋತವನು ಯಾರೆಂದು ನನಗೆ ಗೊತ್ತಿತ್ತು.

ಅಧ್ಯಕ್ಷರು ಬೆಲೆ ಕೊಡಲಿಲ್ಲ. ಫ್ಯಾನ್ಸಿ ಸ್ಟೋರಿನಿಂದ ಒಂದು ಪ್ಲಾಸ್ಟಿಕ್ ಬೊಂಬೆ ತರಿಸಿದರು. ಫ್ರಾಕು ತೊಟ್ಟ ಹೆಣ್ಣು ಬೊಂಬೆ. ಗೋದಲಿಯಲ್ಲಿ ಮಲಗಿಸಿದೊಡನೆ ಅದು ಕಣ್ಣು ಮುಚ್ಚಿಕೊಂಡು "ಮಮ್ಮಿ" ಅಂದಿತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನಿಂದ ಆರೋಗ್ಯಮ್ಮನವರು ಎದ್ದು ನಿಂತು ಮಗನನ್ನು ಕೇಳಿದರು: "ಇದ್ಯಾರ್ ಮಗುನಪ್ಪಾ? ನಮ್ ಮಗು ಎಲ್ಲೋಯ್ತು?" ಮಗ ಕೈ ಹಿಡಿದು ಕೂರಿಸಲು ನೋಡಿದ. ಆ ತಾಯಿ ಕೊಸರಿಕೊಂಡು, ಬೆಂಚು ಹಿಡಿದು ಹಿಡಿದು, ಮುಂಬಾಗಿಲಲ್ಲೇ ನಡೆದು ಬಂದು ಲೂರ್ದಮ್ಮನ ಜಗುಲಿಯೆದುರು ಕೂತರು.

ಲೂರ್ದಮ್ಮ ತಕ್ಷಣ ಮಗುವನ್ನು ಎತ್ತಿ, ಅವರ ಹಿಂದೆಯೇ ಬಂದಿದ್ದ ನನ್ನ ಕೈಗಿಟ್ಟಳು. "ಬೆಲೆ ಸಂದಾಯ ಆಯ್ತು. ತಗಂಡೋಗಿ ಮಲಗ್ಸು. ಕತ್ತು ಉಸಾರು." ಇಂಥ ಪ್ರಾಮಾಣಿಕ ವ್ಯಾಪಾರವನ್ನು ನಾನು ಯಾವ ಮಂಡಿಯಲ್ಲೂ ಕಂಡಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿಸಿ ಗುರುಗಳು ಬೇರೆ ಊರಿನ ಪೂಜೆಗೆ ಹೊರಟ ಮೇಲೆ ಅಧ್ಯಕ್ಷರು ಮೈಕು ಹಿಡಿದರು. "ಬಾಲಯೇಸುವನ್ನೇ ಕದ್ದುಕೊಂಡು ಹೋಗುವ ಜನ ನಮ್ಮಲ್ಲಿದ್ದಾರೆ" ಎಂದರು. ಇನ್ನು ಮೇಲೆ ಬೊಂಬೆ ಸಮಿತಿಯ ಬೀರುವಿನಲ್ಲಿರುತ್ತದೆ, ಬೀಗದ ಕೈ ತಮ್ಮ ಬಳಿ ಎಂದರು. ತಾನು ಪೆಟ್ಟಿಗೆಯಲ್ಲಿಟ್ಟು ಸಾಕಿದ ಮಗುವಿನ ಕಳ್ಳಿ ಎನಿಸಿಕೊಂಡು ಲೂರ್ದಮ್ಮ ಗೇಟಿನ ಆಚೆ ನಿಂತಿದ್ದಳು. ಮೈಕಿನ ಮಾತು ಬೀದಿಗೆಲ್ಲ ಕೇಳಿಸುತ್ತದೆ.

ಊರನ್ನೇ ಎತ್ತಿಬಿಡುತ್ತಾಳೆಂದುಕೊಂಡೆ. ಆಕೆ ತಿರುಗಿ ಮನೆಗೆ ನಡೆದಳು. ಹಿಂದೆಯೇ ಹೋಗಿ, "ಯಾಕತ್ತೆ, ಬಾಯಿ ಬಿದ್ದೋಯ್ತಾ ನಿನಗೆ?" ಎಂದು ನಾನೇ ರೇಗಿದೆ.

"ಎಲ್ ನಿಂತ್ಕಂಡು ಅಂದ್ನೋ ಅಲ್ಲೇ ನಿಂತ್ಕಂಡು ಕದೀಲಿಲ್ಲ ಅನ್ಲಿ. ಓಗಿ ಯೋಳು. ಇನ್ ಮಾತಾಡ್ಬೇಕಾದೋನು ಅವ್ನು."

ಹೇಳಿ ಬಂದೆ. ಅಧ್ಯಕ್ಷರು ನಕ್ಕರು.

ಎರಡನೆಯ ಅಲೆಯಲ್ಲಿ ಆಕೆಗೆ ಉಸಿರು ಸಿಕ್ಕಿಕೊಂಡಿತು. ಹಾಸನಕ್ಕೆ ಒಯ್ಯಲು ಆಂಬುಲೆನ್ಸ್ ಬಂತು. ಜೊತೆಗೆ ಯಾರನ್ನೂ ಹತ್ತಿಸಲಿಲ್ಲ. ಬಾಗಿಲು ಮುಚ್ಚುವ ಮೊದಲು ಮಾಸ್ಕಿನೊಳಗಿಂದ ಕೇಳಿದಳು: "ಏನಂದ?"

"ಇನ್ನೂ ಏನೂ ಅಂದಿಲ್ಲತ್ತೆ."

"ಇಳಿಸ್ಬ್ಯಾಡ ಕಣ್ಲಾ."

ನಾನು ಆಕೆಯ ಬಾಯಿಂದ ಕೇಳಿದ ಕೊನೆಯ ಮಾತು ಅದು. ತಿರುಗಿ ಬಂದದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹ, ಅದೂ ನೇರ ಸಮಾಧಿಗೆ. ನಾಲ್ಕೇ ಜನ ನಿಂತಿದ್ದೆವು. ಜಪದ ಮೊದಲರ್ಧ ನಾನೇ ಹೇಳಿದೆ, ಆಕೆಯ ಕೂಗಿನ ಮುಂದೆ ಅದು ಪಿಸುಮಾತಿನಂತಿತ್ತು. ಮಾರನೆಯ ದಿನ ಚರ್ಚಿನ ಗೇಟಿಗೆ ಫ್ಲೆಕ್ಸ್ ಬಿತ್ತು. "ದೈವಭಕ್ತೆ ಲೂರ್ದಮ್ಮನವರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಮೂಲೆಯಲ್ಲಿ ಆಕೆಯ ಚಿಕ್ಕ ಫೋಟೋ, ನಡುವೆ ಕೈ ಮುಗಿದ ಅಧ್ಯಕ್ಷರದು ದೊಡ್ಡದು. ಕಳ್ಳಿ ಎಂದವರಿಗೆ ಸತ್ತ ಮೇಲೆ ಭಕ್ತೆ ಎನ್ನಲು ನಾಚಿಕೆಯಿಲ್ಲ, ಯಾಕೆಂದರೆ ಸತ್ತವರು ಎದುರು ಮಾತಾಡುವುದಿಲ್ಲ. ಹಗಲಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ಅದನ್ನು ಕಿತ್ತು ಮಡಚಿ ಅವರ ಮನೆ ಬಾಗಿಲಿಗೆ ಹಾಕಿ ಬಂದೆ.

ಕ್ರಿಸ್ಮಸ್ ಊಟಕ್ಕೆ ಊರಿಗೆಲ್ಲ ಅಡುಗೆಯಾಗುತ್ತಿದ್ದದ್ದು ನನ್ನ ಅಂಗಡಿಯ ದೊಡ್ಡ ಪಾತ್ರೆಗಳಲ್ಲಿ. ಮೊದಲೆಲ್ಲ ಬಾಡಿಗೆಯಿಲ್ಲದೆ ಕೊಡುತ್ತಿದ್ದೆ. ಲೂರ್ದಮ್ಮ ಹೋದ ಮೇಲೆ ಕೊಟ್ಟಿಲ್ಲ. ಪ್ರತಿ ಡಿಸೆಂಬರಿನಲ್ಲೂ ಅಧ್ಯಕ್ಷರು ಪಾತ್ರೆ ಕೇಳಿಕೊಂಡು ಬರುತ್ತಾರೆ. ಈ ಸಲವೂ ಬಂದಿದ್ದರು.

"ಹಳೇದೆಲ್ಲ ಯಾಕೆ ಜೋಜಪ್ಪೋರೇ. ನಿಮಗೇನು ಬೇಕು, ಹೇಳಿಬಿಡಿ."

"ಅದೇ ಮೈಕಲ್ಲಿ, ಲೂರ್ದಮ್ಮ ಕದೀಲಿಲ್ಲ ಅಂತ ಒಂದು ಮಾತು."

"ಸತ್ತೋರಿಗೆ ಅದೆಲ್ಲ ಯಾಕೆ? ಬೇರೆ ಏನಾದ್ರೂ ಹೇಳಿ. ಸ್ವಲ್ಪ ಇಳಿಸಿಕೊಳ್ಳಿ."

ಬೆಲೆ ನನ್ನದಾಗಿದ್ದರೆ ಇಳಿಸುತ್ತಿದ್ದೆನೋ ಏನೋ. ಅವರು ಒಂದು ಕೊಳಗವನ್ನು ಬೆರಳಿನಿಂದ ತಟ್ಟಿದರು. ಇನ್ನೊಂದನ್ನು ತಟ್ಟಿದರು. ನನ್ನ ಮುಖ ನೋಡಿದರು.

ನಾನು ಬಾಯಿ ಮುಚ್ಚಿಕೊಂಡು ಕೂತೆ.